ವಿಆರ್ ಕನ್ನಡಕದಲ್ಲಿ ನೋಡಿದ ಫ್ಲ್ಯಾಟಿಗೆ ಮುಂಗಡ ಕೊಟ್ಟು ಬಂದಿದ್ದೇನೆ. ಈ ‘ತೋರಿಸುವ’ ವ್ಯಾಪಾರದಲ್ಲಿ ಲಾಭ ಯಾರಿಗೆ?

ಹೊಸಮನೆ_ಕನಸು (ಬೆಂಗಳೂರು)

ಕಳೆದ ಭಾನುವಾರ ನಾನು, ಹೆಂಡತಿ ಮತ್ತು ಅಮ್ಮ ಸರ್ಜಾಪುರ ರಸ್ತೆಯ ಕಡೆ ಒಂದು ಅಪಾರ್ಟ್‌ಮೆಂಟ್ ಯೋಜನೆಯ ಮಾರಾಟ ಕಚೇರಿಗೆ ಹೋಗಿದ್ದೆವು. ಕಟ್ಟಡ ಇನ್ನೂ ಎದ್ದಿಲ್ಲ. ತಗಡಿನ ಬೇಲಿಯ ಆಚೆ ಎರಡು ಜೆಸಿಬಿ, ಒಂದು ಕೆಂಪು ಮಣ್ಣಿನ ಗುಂಡಿ, ಅಷ್ಟೇ. ಆದರೆ ಕಚೇರಿಯ ಒಳಗೆ ಏಳನೇ ಮಹಡಿಯ ಮನೆ ಆಗಲೇ ಗೃಹಪ್ರವೇಶಕ್ಕೆ ಸಿದ್ಧವಾಗಿತ್ತು! ತಲೆಗೆ ವಿಆರ್ (ವರ್ಚುವಲ್ ರಿಯಾಲಿಟಿ, ಇಲ್ಲದ್ದನ್ನು ಸುತ್ತಲೂ ಇರುವಂತೆ ತೋರಿಸುವ) ಹೆಡ್‌ಸೆಟ್ ಕಟ್ಟಿದರು. ಕಣ್ಣಿನ ಸುತ್ತ ಕೂರುವ ಸ್ಪಂಜಿನಲ್ಲಿ ನಮಗಿಂತ ಮೊದಲು ನೋಡಿಹೋದವರ ತಲೆಗೆಣ್ಣೆಯ ವಾಸನೆ. ಒಂದು ನಿಮಿಷದಲ್ಲಿ ಅದೂ ಮರೆತುಹೋಯಿತು. ಹಾಲ್‌ನಲ್ಲಿ ಸಂಜೆ ಬಿಸಿಲು, ಬಾಲ್ಕನಿಯಾಚೆ ಕೆರೆ, ಮಲಗುವ ಕೋಣೆಯಲ್ಲಿ ಬಿಳಿ ಹಾಸಿನ ದೊಡ್ಡ ಮಂಚ.

ಅಮ್ಮ ಕನ್ನಡಕ ಹಾಕಿಕೊಂಡವರೇ ಕೈ ಚಾಚಿ ಪರದೆ ಸರಿಸಲು ಹೋದರು. ಮಾರಾಟದ ಹುಡುಗ ನಕ್ಕ. ಆಮೇಲೆ ಅಡುಗೆಮನೆಯಲ್ಲಿ ನಿಂತು, “ಪಾತ್ರೆ ತೊಳೆಯುವ ಜಾಗ ಎಲ್ಲಪ್ಪ?” ಎಂದು ಕೇಳಿದರು. “ಆ ಬಾಗಿಲಿನ ಹಿಂದೆ ಯುಟಿಲಿಟಿ ಇದೆ ಅಮ್ಮ, ಇದರಲ್ಲಿ ಮಾಡೆಲ್ ಮಾಡಿಲ್ಲ” ಎಂದ.

ಅದೇ ಗುಂಗಿನಲ್ಲಿ ಎರಡು ಲಕ್ಷ ರೂಪಾಯಿ ಬುಕಿಂಗ್ ಮುಂಗಡ ಕೊಟ್ಟು ಬಂದೆ. ಸೇಲ್ ಅಗ್ರಿಮೆಂಟ್ ಇನ್ನೂ ಆಗಿಲ್ಲ. ಮನೆಗೆ ಬಂದ ಮೇಲೆ ಹೊಟ್ಟೆಯಲ್ಲಿ ಏನೋ ಕಲಕುತ್ತಿದೆ. ಇಲ್ಲದ ಮನೆಯನ್ನು ನೋಡಿ ಇರುವ ಹಣ ಕೊಟ್ಟೆನಲ್ಲ ಎಂದು. ಈಗ ಸೋಫಾ, ಕನ್ನಡಕ, ಸೀರೆ, ಒಡವೆ ಎಲ್ಲವನ್ನೂ ಹೀಗೆಯೇ ತೋರಿಸುತ್ತಾರೆ. ಇದರಿಂದ ಕೊಳ್ಳುವವರಿಗೆ ನಿಜವಾಗಿ ಏನಾದರೂ ಉಳಿಯುತ್ತದೆಯೇ? ಅನುಭವ ಇರುವವರು ಹೇಳಿ.

---

ಲೆಕ್ಕದ_ಪುಸ್ತಕ

ಮೊದಲು ಬಿಲ್ಡರ್ ಕಡೆಯ ಲೆಕ್ಕ ನೋಡಿ. ಮಾದರಿ ಮನೆ ಎಂದರೆ ಇಟ್ಟಿಗೆ, ಟೈಲ್ಸ್, ಮರಗೆಲಸ, ಪೀಠೋಪಕರಣ, ಕಾವಲುಗಾರ. ಕೊನೆಗೆ ಅದನ್ನು ಒಡೆಸುವ ಖರ್ಚು. ಎರಡು ಬೆಡ್‌ರೂಮಿನದು ಒಂದು, ಮೂರು ಬೆಡ್‌ರೂಮಿನದು ಒಂದು ಕಟ್ಟಬೇಕು. ಕಂಪ್ಯೂಟರಿನಲ್ಲಿ ಒಮ್ಮೆ ಕಟ್ಟಿದರೆ ಏಳನೇ ಮಹಡಿಯನ್ನೂ ತೋರಿಸಬಹುದು, ಹದಿನೇಳನೆಯದನ್ನೂ ತೋರಿಸಬಹುದು, ಅಮೆರಿಕದಲ್ಲಿ ಕುಳಿತವರಿಗೂ ತೋರಿಸಬಹುದು. ತೋರಿಸುವ ಖರ್ಚು ಇಳಿಯಿತು. ಚದರಡಿಯ ದರ ಇಳಿಯಿತೇ? ನಿಮ್ಮ ಕಾಸ್ಟ್ ಶೀಟ್ ತೆಗೆದು ನೋಡಿಕೊಳ್ಳಿ.

ಬೆಂಗಳೂರಿಗೆ ಇದು ಹೊಸತೂ ಅಲ್ಲ. 2015ರಲ್ಲಿಯೇ ಇಲ್ಲಿನ ಮನೆ ಹುಡುಕುವ ಜಾಲತಾಣದ ಕಾಮನ್‌ಫ್ಲೋರ್ ಕಂಪನಿ ‘ರೆಟಿನಾ’ ಹೆಸರಿನಲ್ಲಿ ರಟ್ಟಿನ ಕನ್ನಡಕದೊಳಗೆ ಮೊಬೈಲ್ ಸಿಕ್ಕಿಸಿ ಮನೆ ತೋರಿಸಲು ಹೊರಟಿತ್ತು. 2016ರ ಜನವರಿಯಲ್ಲಿ ಆನ್‌ಲೈನ್ ಜಾಹೀರಾತಿನ ಕ್ವಿಕರ್ ಆ ಕಂಪನಿಯನ್ನೇ ಕೊಂಡಿತು. ಆ ರಟ್ಟಿನ ಪೆಟ್ಟಿಗೆ ಈಗಲೂ ನಮ್ಮ ಅಟ್ಟದ ಮೇಲೆ ಎಲ್ಲೋ ಇರಬೇಕು.

---

ಕನ್ನಡಕದಂಗಡಿ (ಮೈಸೂರು)

ನಾನು ಈ ಕಡೆಗೂ ಸೇರಿದವನು, ಆ ಕಡೆಗೂ ಸೇರಿದವನು. ಆದ್ದರಿಂದ ಎರಡನ್ನೂ ಹೇಳುತ್ತೇನೆ.

ಲೆನ್ಸ್‌ಕಾರ್ಟ್‌ನಂಥ ಆ್ಯಪ್‌ಗಳಲ್ಲಿ ಮುಖದ ಮೇಲೆ ಫ್ರೇಮ್ ಕೂರಿಸಿ ನೋಡುವ ಸೌಲಭ್ಯ ಬಂದಾಗ ನಮ್ಮಂಥ ಅಂಗಡಿಗಳ ಕಥೆ ಮುಗಿಯಿತು ಎಂದುಕೊಂಡಿದ್ದೆ. ಆದದ್ದು ಬೇರೆ. ಮೊದಲು ಒಂದು ಕುಟುಂಬ ಬಂದರೆ ಐವತ್ತು ಫ್ರೇಮ್ ತೆಗೆಸಿ, ಮುಕ್ಕಾಲು ಗಂಟೆ ಕನ್ನಡಿಯ ಮುಂದೆ ನಿಂತು, “ನಾಳೆ ಬರುತ್ತೇವೆ” ಎಂದು ಹೋಗುತ್ತಿದ್ದರು. ಈಗ ಮೊಬೈಲಿನಲ್ಲಿ ಚಿತ್ರ ತೋರಿಸಿ, “ಇಂಥದ್ದು ಇದೆಯೇ?” ಎನ್ನುತ್ತಾರೆ. ಹತ್ತು ನಿಮಿಷದ ಕೆಲಸ. ಆಯ್ಕೆಯ ಶ್ರಮವನ್ನು ಆ್ಯಪ್ ಮಾಡಿಕೊಡುತ್ತದೆ, ಬಿಲ್ ನಾನು ಬರೆಯುತ್ತೇನೆ. ಇದು ತಿರುಗುಮುರುಗಾಗುವುದೂ ಉಂಟು: ನನ್ನ ಅಂಗಡಿಯಲ್ಲಿ ಹಾಕಿ ನೋಡಿ, ಮಾದರಿ ಸಂಖ್ಯೆ ಬರೆದುಕೊಂಡು, ಹೊರಗೆ ಹೋಗಿ ಆನ್‌ಲೈನ್‌ನಲ್ಲಿ ತರಿಸುವವರು. ಅಂಥವರಿಗೂ ಕುಡಿಯಲು ನೀರು ಕೊಡುತ್ತೇನೆ.

ಇನ್ನು ಅಳತೆಯ ಮಾತು. ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರವನ್ನು ನಾವು ಪಿಡಿ ಎನ್ನುತ್ತೇವೆ. ಅದನ್ನು ಫೋನಿನಲ್ಲಿ ಅಳೆಯಲು ಕೆಲವು ಕಡೆ ಹಣೆಯ ಮೇಲೆ ಎಟಿಎಂ ಕಾರ್ಡ್ ಇಟ್ಟು ಫೋಟೊ ತೆಗೆಯಲು ಹೇಳುತ್ತಾರೆ. ಏಕೆ ಗೊತ್ತೇ? ಜಗತ್ತಿನ ಯಾವ ಬ್ಯಾಂಕಿನ ಕಾರ್ಡ್ ಆದರೂ ಅಗಲ 85.6 ಮಿಲಿಮೀಟರ್. ಅದೇ ಅಳತೆಕೋಲು. ಬಹಳ ಜಾಣತನದ ಉಪಾಯ. ಸಾಮಾನ್ಯ ಪವರಿಗೆ ಇದು ನಡೆಯುತ್ತದೆ. ಆದರೆ ದೂರ, ಹತ್ತಿರ ಎರಡೂ ಇರುವ ಪ್ರೋಗ್ರೆಸಿವ್ ಲೆನ್ಸ್ ಆದರೆ, ಅದೇ ಫ್ರೇಮನ್ನು ಅದೇ ಮೂಗಿನ ಮೇಲೆ ಕೂರಿಸಿ, ಪಾಪೆಯ ಎತ್ತರಕ್ಕೆ ಲೆನ್ಸಿನ ಮೇಲೆ ಪೆನ್ನಿನಲ್ಲಿ ಚುಕ್ಕೆ ಇಡಬೇಕು. ಒಂದೆರಡು ಮಿಲಿಮೀಟರ್ ತಪ್ಪಿದರೂ ಓದುವಾಗ ಕತ್ತು ಎತ್ತಬೇಕಾಗುತ್ತದೆ. ತೆರೆಯ ಮೇಲಿನ ಫ್ರೇಮಿಗೆ ತೂಕವಿಲ್ಲ, ಅದು ಮೂಗಿನಿಂದ ಜಾರುವುದೂ ಇಲ್ಲ.

---

ಗಾಂಧಿಬಜಾರ್_ವಾಸಿ

ಸೋಫಾದ ಕಥೆ ನನ್ನದು. ನಮ್ಮದು ಬಸವನಗುಡಿಯ ಹಳೆಯ ಮನೆ, ಮೊದಲ ಮಹಡಿ. ಒಂದು ಆನ್‌ಲೈನ್ ಪೀಠೋಪಕರಣ ಅಂಗಡಿಯ ಆ್ಯಪ್‌ನಲ್ಲಿ ಏಳು ಅಡಿಯ ಸೋಫಾವನ್ನು ಫೋನಿನ ಕ್ಯಾಮೆರಾ ಮೂಲಕ ನಮ್ಮ ಹಾಲ್‌ನಲ್ಲೇ ಇಟ್ಟು ನೋಡಿದೆವು. ಕಿಟಕಿಯ ಕೆಳಗೆ ಅಳೆದು ಮಾಡಿಸಿದಂತೆ ಕೂತಿತು. ಮಗಳು ಅದರ ಮುಂದೆ ನಿಂತು ಫೋಟೊ ಕೂಡ ತೆಗೆಸಿಕೊಂಡಳು.

ನಿಜವಾದ ಸೋಫಾ ಬಂದ ದಿನ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಇಬ್ಬರು ಹುಡುಗರು ಅಡ್ಡ ಮಾಡಿದರು, ಉದ್ದ ಮಾಡಿದರು, ತಲೆಕೆಳಗೆ ಮಾಡಿದರು. ಗೋಡೆಯ ಸುಣ್ಣ ಉದುರಿತೇ ಹೊರತು ಸೋಫಾ ಜಗ್ಗಲಿಲ್ಲ. ಕೆಳಗಿನ ಮನೆಯವರು ಮುಕ್ಕಾಲು ಗಂಟೆ ಹೊರಗೆ ಹೋಗಲಾಗದೆ ಬಾಗಿಲಲ್ಲೇ ನಿಂತಿದ್ದರು. ಕೊನೆಗೆ ವಾಪಸ್.

ಐಕಿಯಾ 2017ರಲ್ಲಿ ‘ಪ್ಲೇಸ್’ ಆ್ಯಪ್ ತಂದಾಗ ವಸ್ತುವಿನ ಗಾತ್ರವನ್ನು ಶೇ 98ರಷ್ಟು ನಿಖರವಾಗಿ ತೋರಿಸುತ್ತೇವೆ ಎಂದಿತ್ತು. ಒಪ್ಪೋಣ. ಏಳು ಅಡಿಗೆ ಶೇ 2 ಎಂದರೆ ಒಂದೂಮುಕ್ಕಾಲು ಇಂಚಿನ ಹತ್ತಿರ. ಹಾಲ್‌ನಲ್ಲಿ ಅದು ಲೆಕ್ಕಕ್ಕೇ ಇಲ್ಲ. ಆದರೆ ಯಾವ ಆ್ಯಪ್ ಕೂಡ ಸೋಫಾವನ್ನು ಹಾಲ್‌ನಲ್ಲಿ ಇಟ್ಟು ತೋರಿಸುತ್ತದೆಯೇ ಹೊರತು ಅಲ್ಲಿಗೆ ಬರುವ ದಾರಿಯನ್ನು ತೋರಿಸುವುದಿಲ್ಲ.

ಹಣ ಪೂರ್ತಿ ಮರಳಿ ಬಂತು, ಅದನ್ನೂ ಹೇಳಬೇಕು. ಲಾರಿ ಎರಡು ಸಲ ಓಡಿದ ಖರ್ಚು ಅಂಗಡಿಯದು. ಮುಂದಿನ ಸಲ ಅದೇ ಆ್ಯಪ್ ತೆರೆದಾಗ ಪ್ರತಿ ಸೋಫಾದ ಕೆಳಗೆ “ಮೆಟ್ಟಿಲು ಮತ್ತು ಲಿಫ್ಟಿನ ಅಗಲ ಅಳೆದುಕೊಳ್ಳಿ” ಎಂಬ ಸಾಲು ಇತ್ತು. ನನ್ನಂಥವರು ಎಷ್ಟು ಜನ ವಾಪಸ್ ಕಳಿಸಿದ್ದರೋ!

---

ಲೆಕ್ಕದ_ಪುಸ್ತಕ

ಗಾಂಧಿಬಜಾರ್ ಅವರೇ, ನಿಮ್ಮ ಕೊನೆಯ ಸಾಲಿನಲ್ಲೇ ಇಡೀ ಅರ್ಥಶಾಸ್ತ್ರ ಇದೆ. ವಾಪಸಾತಿಯ ಖರ್ಚು ಮಾರುವವನ ತಲೆಯ ಮೇಲಿದ್ದರೆ, ತೋರಿಸಿದ್ದು ಮತ್ತು ಕೊಟ್ಟಿದ್ದು ಒಂದೇ ಆಗಿರಲಿ ಎಂದು ಅವನೇ ಆಸೆಪಡುತ್ತಾನೆ. ಸುಳ್ಳು ಚಿತ್ರ ಅವನಿಗೇ ನಷ್ಟ. ಫ್ಲ್ಯಾಟ್ ವಾಪಸ್ ಕೊಡುವ ವಸ್ತುವಲ್ಲ. ಅಲ್ಲಿ ಚಿತ್ರ ಎಷ್ಟು ಚೆಂದವೋ ಅಷ್ಟು ಲಾಭ.

---

ಸೀರೆಪೆಟ್ಟಿಗೆ (ಇಳಕಲ್)

ನಮ್ಮಲ್ಲಿಗೂ ಒಬ್ಬರು ಬಂದಿದ್ದರು. ಸೀರೆಯ ಫೋಟೊ ಕೊಟ್ಟರೆ ಅದನ್ನು ಗಿರಾಕಿಯ ಮೈಮೇಲೆ ಉಡಿಸಿ ತೋರಿಸುವ ತಂತ್ರಾಂಶವಂತೆ. ಒಂದು ಟೋಪ್ ತೆನಿ ಸೆರಗಿನ ಸೀರೆ ಕೊಟ್ಟೆವು. ತೆರೆಯ ಮೇಲೆ ಬಂದದ್ದು ಮೈಗೆ ಅಂಟಿಸಿದ ಬಣ್ಣದ ಕಾಗದ. ನೆರಿಗೆ ಬೀಳುವುದು, ಸೆರಗಿನ ರೇಷ್ಮೆಯ ತೂಕ ಭುಜದಿಂದ ಜಗ್ಗುವುದು, ಒಡಲು ಒಂದು ಬಣ್ಣ, ಸೆರಗು ಒಂದು ಬಣ್ಣವಾಗಿ ಕೊಂಡಿ ಹಾಕಿ ಸೇರುವ ಜಾಗ, ಇದ್ಯಾವುದೂ ಇಲ್ಲ. ನಮ್ಮ ಅಪ್ಪ ನೋಡಿ, “ಇದನ್ನು ಉಟ್ಟವಳು ಕೂರುವ ಹಾಗಿಲ್ಲ” ಎಂದರು.

ಬದಲಿಗೆ ನಮ್ಮ ವ್ಯಾಪಾರ ಹೆಚ್ಚಿಸಿದ್ದು ವಾಟ್ಸ್‌ಆ್ಯಪ್ ವಿಡಿಯೊ ಕರೆ. ಅಂಗಡಿಯ ಹುಡುಗ ತನ್ನ ಭುಜದ ಮೇಲೆಯೇ ಸೆರಗು ಹೊದ್ದುಕೊಂಡು ಬಾಗಿಲ ಬೆಳಕಿಗೆ ಹೋಗಿ ನಿಲ್ಲುತ್ತಾನೆ. ಪುಣೆಯಿಂದಲೋ ಸೊಲ್ಲಾಪುರದಿಂದಲೋ ನೋಡುತ್ತಿರುವ ಅಕ್ಕನವರು, “ತಮ್ಮಾ, ಇನ್ನೊಂದು ಸ್ವಲ್ಪ ಹತ್ತಿರ ತಾ, ದಡಿ ತಿರುಗಿಸು, ಕೈಯಲ್ಲಿ ಮುದುಡಿ ತೋರಿಸು” ಎನ್ನುತ್ತಾರೆ. ಮುದುಡಿ ಬಿಟ್ಟಾಗ ಬಟ್ಟೆ ಹೇಗೆ ಬಿಚ್ಚಿಕೊಳ್ಳುತ್ತದೆ ಎಂಬುದರಲ್ಲೇ ರೇಷ್ಮೆಯೋ ಬೆರಕೆಯೋ ಅವರಿಗೆ ತಿಳಿಯುತ್ತದೆ. ಒಂದು ಸ್ಟ್ಯಾಂಡು, ಒಂದು ದೀಪ, ಅಷ್ಟೇ ನಮ್ಮ ಬಂಡವಾಳ. ಹಾಗೆಂದು ಮಗ್ಗದ ಮೇಲೆ ಕೂತವರ ಕೂಲಿ ಏರಿದೆಯೇ ಎಂದು ಮಾತ್ರ ಕೇಳಬೇಡಿ.

---

ಮೂರನೇ_ಆಯಾಮ (ಬೆಂಗಳೂರು)

ಹೊಸಮನೆ ಅವರೇ, ನೀವು ನೋಡಿದಂಥ ಮನೆಗಳನ್ನು ಕಟ್ಟುವುದೇ ನನ್ನ ಕೆಲಸ. ಎಂಟು ವರ್ಷದಿಂದ ಅನ್‌ರಿಯಲ್ ಎಂಜಿನ್ ಎಂಬ ತಂತ್ರಾಂಶದಲ್ಲಿ ಗೋಡೆ ಎಬ್ಬಿಸುತ್ತಿದ್ದೇನೆ. ಬಿಲ್ಡರ್ ಕಡೆಯಿಂದ ಆಟೊಕ್ಯಾಡ್ ನಕ್ಷೆ ಬರುತ್ತದೆ. ಗೋಡೆಗಳ ಅಳತೆ ಅದರಿಂದಲೇ, ಅದನ್ನು ಸಾಮಾನ್ಯವಾಗಿ ಯಾರೂ ತಿದ್ದುವುದಿಲ್ಲ. ಕೈಚಳಕ ಇರುವುದು ಒಳಗಿನ ಸಾಮಾನಿನಲ್ಲಿ. ಆರೂವರೆ ಅಡಿಯ ಮಂಚವನ್ನು ಐದೂಮುಕ್ಕಾಲು ಮಾಡಿದರೆ ಕೋಣೆ ತಾನಾಗಿ ದೊಡ್ಡದಾಗುತ್ತದೆ. ಊಟದ ಮೇಜು, ಸೋಫಾ, ಬೀರು ಎಲ್ಲವೂ ಒಂದು ಸುತ್ತು ಸಣ್ಣ. ಎಲ್ಲವೂ ಒಟ್ಟಿಗೆ ಸಣ್ಣದಾಗಿರುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ.

ಇನ್ನು ಇಲ್ಲದೇ ಇರುವುದರ ಪಟ್ಟಿ: ತೊಲೆ ಇರುವುದಿಲ್ಲ, ಏಸಿಯ ಹೊರಘಟಕ ಇರುವುದಿಲ್ಲ, ಬಚ್ಚಲಿನ ಪೈಪು ಇರುವುದಿಲ್ಲ, ಸ್ವಿಚ್‌ಬೋರ್ಡ್ ಕೂಡ ಇರುವುದಿಲ್ಲ. ಸೂರ್ಯ ನಮ್ಮ ಕೈಯಲ್ಲಿದ್ದಾನೆ. ಉತ್ತರಕ್ಕೆ ಮುಖಮಾಡಿದ ಬಾಲ್ಕನಿಗೂ ಸಂಜೆಯ ಹೊಂಬಿಸಿಲು ಬೀಳಿಸಿದ್ದೇನೆ, ಸುಳ್ಳು ಹೇಳುವುದಿಲ್ಲ. (ಈಗ ಹೇಳುತ್ತಿಲ್ಲ ಎಂದರ್ಥ.)

ಆದರೆ ಒಂದು ವಿಷಯದಲ್ಲಿ ಹೆಡ್‌ಸೆಟ್ಟನ್ನು ಬೈಯಬೇಡಿ. ಬ್ರೋಷರ್‌ನ ಚಿತ್ರದಲ್ಲಿ ಅಗಲ ಕೋನದ ಕ್ಯಾಮೆರಾ ಇಟ್ಟು ಹತ್ತು ಅಡಿಯ ಕೋಣೆಯನ್ನು ಮದುವೆ ಮಂಟಪ ಮಾಡಬಹುದು. ಹೆಡ್‌ಸೆಟ್‌ನಲ್ಲಿ ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಹೋಗುವುದರಿಂದ ಆಳ ತಿಳಿಯುತ್ತದೆ; ಆ ಮೋಸ ಅಲ್ಲಿ ನಡೆಯುವುದಿಲ್ಲ. ಅಲ್ಲಿರುವ ತೊಂದರೆ ನಡಿಗೆಯದು. ಗುಂಡಿ ಒತ್ತಿದರೆ ಈ ಮೂಲೆಯಿಂದ ಆ ಮೂಲೆಗೆ ಜಿಗಿಯುತ್ತೀರಿ. ಮಂಚಕ್ಕೂ ಬೀರುವಿಗೂ ನಡುವೆ ಎಷ್ಟು ಜಾಗವಿದೆ ಎಂದು ಕಣ್ಣು ಹೇಳಿದರೂ ಮೊಣಕಾಲು ಹೇಳುವುದಿಲ್ಲ.

ಮತ್ತೆ ಹೋದರೆ ಎರಡು ಕೆಲಸ ಮಾಡಿ. ಹೆಡ್‌ಸೆಟ್‌ನಲ್ಲಿ ಕಾಣುವುದನ್ನು ಟಿವಿಗೆ ಹಾಕಲು ಹೇಳಿ, ಅದನ್ನು ನಿಮ್ಮ ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಿ. ಮಂಚದ ಉದ್ದ ಎಷ್ಟಿಟ್ಟಿದ್ದೀರಿ ಎಂದು ಕೇಳಿ. ಉತ್ತರ ಹೇಳಲು ಅವರು ನನ್ನಂಥವನಿಗೆ ಫೋನ್ ಮಾಡಬೇಕಾಗುತ್ತದೆ.

---

ಡಲ್ಲಾಸ್_ಕನ್ನಡಿಗ

ನಾನು ಬೇರೆ ಮಾತು ಹೇಳುತ್ತೇನೆ. 2021ರಲ್ಲಿ ಕೋವಿಡ್ ಕಾರಣ ಊರಿಗೆ ಬರುವ ಹಾಗಿರಲಿಲ್ಲ. ಇಲ್ಲಿಂದಲೇ ಇಂಥ ವರ್ಚುವಲ್ ಪ್ರವಾಸ ನೋಡಿ ಫ್ಲ್ಯಾಟ್ ಕೊಂಡೆ. ವಿಮಾನದ ಟಿಕೆಟ್, ಹದಿನೈದು ದಿನದ ರಜೆ ಎರಡೂ ಉಳಿದವು. ಆದ್ದರಿಂದ ಕೊಳ್ಳುವವರಿಗೆ ಏನೂ ಉಳಿಯುವುದಿಲ್ಲ ಎನ್ನುವುದು ತಪ್ಪು, ಲೆಕ್ಕದ ಪುಸ್ತಕ ಸರ್.

ಆದರೆ ಹಣ ಕಳಿಸುವ ಮೊದಲು ನಮ್ಮ ಭಾವನವರು ಸ್ಕೂಟರ್‌ನಲ್ಲಿ ಹೋಗಿ ಜಾಗ ನೋಡಿ ಬಂದಿದ್ದರು. ವಿಡಿಯೊದಲ್ಲಿ ಹಸಿರು ತೋಟವಿದ್ದ ಕಡೆ ಪಕ್ಕದವರ ಖಾಲಿ ನಿವೇಶನವಿದೆ, ಅಲ್ಲಿ ನಾಳೆ ಇನ್ನೊಂದು ಕಟ್ಟಡ ಏಳುತ್ತದೆ ಎಂದು ಅವರೇ ಹೇಳಿದ್ದು. ಹಾಗಾಗಿ ಆ ಕಡೆಯದನ್ನು ಬಿಟ್ಟು ರಸ್ತೆಯ ಕಡೆಯದನ್ನು ತೆಗೆದುಕೊಂಡೆ. ಭಾವನವರಿಗೆ ಒಂದು ಕೈಗಡಿಯಾರ ಕೊಟ್ಟು ಋಣ ತೀರಿಸಿದ್ದೇನೆ, ತೀರಿದೆ ಎಂದು ಅವರು ಒಪ್ಪಿಲ್ಲ.

---

ಲೆಕ್ಕದ_ಪುಸ್ತಕ

ಒಪ್ಪಿದೆ ಸ್ವಾಮಿ. ಆದರೆ ನಿಮಗೆ ಭಾವನವರಿದ್ದರು. ಇಲ್ಲದವರಿಗೆ ಇರುವುದು ಕಾನೂನು. ಹೊಸಮನೆ ಅವರು ಗಮನಿಸಬೇಕು.

ಬಿಲ್ಡರ್‌ಗಳ ಮನೆ ಮಾರಾಟವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯ 12ನೇ ಕಲಂ ಓದಿ. ಜಾಹೀರಾತು, ವಿವರಪುಸ್ತಿಕೆ ಅಥವಾ ಮಾದರಿ ಮನೆಯನ್ನು ನಂಬಿ ಮುಂಗಡ ಕೊಟ್ಟವರಿಗೆ ಅದರಲ್ಲಿನ ತಪ್ಪು, ಸುಳ್ಳು ಮಾಹಿತಿಯಿಂದ ನಷ್ಟವಾದರೆ ಪ್ರವರ್ತಕ, ಅಂದರೆ ಬಿಲ್ಡರ್, ಪರಿಹಾರ ಕೊಡಬೇಕು. ಯೋಜನೆಯಿಂದ ಹೊರಬರುತ್ತೇನೆ ಎಂದರೆ ಪೂರ್ತಿ ಹಣವನ್ನು ಬಡ್ಡಿಸಹಿತ ಮರಳಿಸಬೇಕು. ಕಾಯ್ದೆಯ ಪ್ರಕಾರ ಜಾಹೀರಾತು ಎಂದರೆ ಯಾವುದೇ ಮಾಧ್ಯಮದಲ್ಲಿ, ಯಾವುದೇ ರೂಪದಲ್ಲಿ ಮಾಡುವ ಪ್ರಚಾರ. ನನ್ನ ಓದಿನಲ್ಲಿ ವಿಆರ್ ಕನ್ನಡಕ ಅದರ ಹೊರಗೆ ಉಳಿಯುವುದಿಲ್ಲ. ಆದರೆ ನೀವು ನೋಡಿದ್ದು ಏನು ಎಂಬುದಕ್ಕೆ ಸಾಕ್ಷಿ ಎಲ್ಲಿದೆ? ಬ್ರೋಷರ್ ಆದರೆ ಮನೆಗೆ ಬರುತ್ತದೆ, ಕಪಾಟಿನಲ್ಲಿ ಉಳಿಯುತ್ತದೆ. ಕನ್ನಡಕ ತೆಗೆದರೆ ಕೆರೆಯೂ ಇಲ್ಲ, ಬಿಸಿಲೂ ಇಲ್ಲ. ಮೂರನೇ ಆಯಾಮ ಅವರು ಹೇಳಿದ ಚಿತ್ರೀಕರಣ ಅದಕ್ಕೇ ಬೇಕು.

ಇನ್ನೊಂದು: ನೋಂದಾಯಿತ ಸೇಲ್ ಅಗ್ರಿಮೆಂಟ್ ಇಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ, ಅದು 13ನೇ ಕಲಂ. ನಿಮ್ಮ ಎರಡು ಲಕ್ಷ ಆ ಮಿತಿಯೊಳಗೇ ಇರಬಹುದು. ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಹಾಕಿ, ಮಂಜೂರಾದ ನಕ್ಷೆ ಇಳಿಸಿಕೊಳ್ಳಿ. ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗ, ಎಷ್ಟು ಎಂದು ನೋಡಿ. ಸೂಪರ್ ಬಿಲ್ಟಪ್ ಎಂಬ ಸಂಖ್ಯೆಯಲ್ಲಿ ಲಿಫ್ಟು, ಮೆಟ್ಟಿಲು ಎಲ್ಲವೂ ಸೇರಿರುತ್ತವೆ. ಅಲ್ಲಿ ಯಾರೂ ಮಂಚ ಹಾಕುವುದಿಲ್ಲ.

---

ಮಾಜಿ_ಆಟಗಾರ (ಹುಬ್ಬಳ್ಳಿ)

ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಕ್ಷಮಿಸಿ. ನಾನು ಒಂದು ಮಾಲ್‌ನಲ್ಲಿ ವಿಆರ್ ಆಟದ ಮಳಿಗೆ ಹಾಕಿ ಕೈಸುಟ್ಟುಕೊಂಡವನು. ಎರಡು ಹೆಡ್‌ಸೆಟ್, ಒಂದು ಅಲುಗಾಡುವ ಕುರ್ಚಿ. ಮೊದಲ ಮೂರು ತಿಂಗಳು ಸಾಲು ನಿಂತಿತು. ಆಮೇಲೆ ಗೊತ್ತಾಯಿತು, ಬಂದವರು ಮತ್ತೆ ಬರುವುದಿಲ್ಲ. ರೋಲರ್ ಕೋಸ್ಟರ್‌ನಲ್ಲಿ ಒಮ್ಮೆ ಕಿರುಚಿದವರಿಗೆ ಎರಡನೇ ಸಲ ಕಿರುಚಲು ಬಾಯಿ ಬರುವುದಿಲ್ಲ. ಅದರ ಮೇಲೆ ನಾಲ್ಕು ಜನರ ಕುಟುಂಬ ಬಂದರೆ ಒಂದೇ ಟಿಕೆಟ್. ಒಬ್ಬ ಕುರ್ಚಿಯಲ್ಲಿ ಕೂತು ಹೆದರುವುದನ್ನು ಉಳಿದ ಮೂವರು ಪುಕ್ಕಟೆ ನೋಡಿ ನಗುತ್ತಾರೆ. ಅವರ ಮನರಂಜನೆಯೇ ಹೆಚ್ಚು. ಅವರಿಂದ ಹಣ ಕೇಳುವ ದಾರಿ ನನಗೆ ಹೊಳೆಯಲಿಲ್ಲ.

ಬಾಡಿಗೆ ಮಾತ್ರ ಪ್ರತಿ ತಿಂಗಳೂ ಮತ್ತೆ ಮತ್ತೆ ಬಂತು. ಕೊನೆಗೆ ಕುರ್ಚಿಯನ್ನು ಜಾತ್ರೆಗಳಲ್ಲಿ ತೊಟ್ಟಿಲು ಹಾಕುವವರಿಗೆ ಮಾರಿದೆ. ಅವರು ಅದರಲ್ಲಿ ಚೆನ್ನಾಗಿಯೇ ದುಡಿಯುತ್ತಿದ್ದಾರೆ! ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅಷ್ಟರೊಳಗೆ ಜನರಿಗೆ ಮತ್ತೆ ಹೊಸತಾಗಿರುತ್ತದೆ. ಊರು ಬದಲಾದರೆ ಗಿರಾಕಿ ಹೊಸಬ. ನಾನು ಗಿರಾಕಿ ಬರಲಿ ಎಂದು ಕೂತೆ, ಅವರು ಗಿರಾಕಿಯ ಬಳಿ ಹೋದರು.

---

ಕನ್ನಡಕದಂಗಡಿ (ಮೈಸೂರು)

ಅಣ್ಣ, ನಿಮ್ಮ ನಷ್ಟಕ್ಕೆ ಬೇಸರವಾಯಿತು, ಆದರೆ ಆ ಮೂವರು ನಗುವ ಚಿತ್ರ ಕಣ್ಣಿಗೆ ಕಟ್ಟಿತು.

---

ಲೆಕ್ಕದ_ಪುಸ್ತಕ

ಮಾಜಿ ಆಟಗಾರರೇ, ಕೈಸುಟ್ಟುಕೊಂಡವರಲ್ಲಿ ನೀವು ಒಂಟಿಯಲ್ಲ. 2014ರಲ್ಲಿ 200 ಕೋಟಿ ಡಾಲರ್ ಕೊಟ್ಟು ವಿಆರ್ ಹೆಡ್‌ಸೆಟ್ ಕಂಪನಿ ಆಕ್ಯುಲಸ್ ಕೊಂಡ ಫೇಸ್‌ಬುಕ್, 2021ರಲ್ಲಿ ಇದೇ ಕನಸಿಗಾಗಿ ಮೆಟಾ ಎಂದು ಹೆಸರನ್ನೂ ಬದಲಿಸಿಕೊಂಡಿತು. ಅದರ ರಿಯಾಲಿಟಿ ಲ್ಯಾಬ್ಸ್ ವಿಭಾಗದ ನಷ್ಟ 2022ರಲ್ಲಿ ಸುಮಾರು 1,370 ಕೋಟಿ ಡಾಲರ್, 2023ರಲ್ಲಿ 1,610 ಕೋಟಿ, 2024ರಲ್ಲಿ 1,770 ಕೋಟಿ. ಆ ವರ್ಷ ವಿಭಾಗದ ಆದಾಯ 215 ಕೋಟಿ ಡಾಲರ್ ಮುಟ್ಟಿದ್ದರೆ ಹೆಚ್ಚು. ಆಪಲ್ 2024ರಲ್ಲಿ ತಂದ ವಿಷನ್ ಪ್ರೊ ಹೆಡ್‌ಸೆಟ್ ಬೆಲೆ 3,499 ಡಾಲರ್. ನಮ್ಮಲ್ಲಿ ಜಿಯೊ 2023ರಲ್ಲಿ ಐಪಿಎಲ್ ನೋಡಲು 1,299 ರೂಪಾಯಿಯ ಹೆಡ್‌ಸೆಟ್ ತಂದಿತು. ನಿಮ್ಮ ಬೀದಿಯಲ್ಲಿ ಯಾರಾದರೂ ಅದನ್ನು ಕಟ್ಟಿಕೊಂಡು ಪಂದ್ಯ ನೋಡಿದ್ದನ್ನು ಕಂಡಿದ್ದೀರಾ? ಪಂದ್ಯ ನೋಡುವಾಗ ಪಕ್ಕದವನ ತೊಡೆಗೆ ಹೊಡೆಯಬೇಕು. ಕಣ್ಣು ಕಟ್ಟಿಕೊಂಡು ಅದು ಆಗುವ ಮಾತಲ್ಲ.

ಸದ್ದಿಲ್ಲದೆ ದುಡಿದದ್ದು ಜೇಬಿನ ಫೋನಿನ ಕ್ಯಾಮೆರಾ. ಅದಕ್ಕೆ ಗಿರಾಕಿ ಆಗಲೇ ಹಣ ಕೊಟ್ಟಾಗಿದೆ, ಅಂಗಡಿಯವನು ಹೊಸ ಯಂತ್ರ ಕೊಡಿಸಬೇಕಿಲ್ಲ. ಆನ್‌ಲೈನ್ ಒಡವೆ ಅಂಗಡಿ ಕ್ಯಾರಟ್‌ಲೇನ್ 2015ರಲ್ಲಿಯೇ ಫೋನಿನಲ್ಲಿ ಓಲೆ ತೊಟ್ಟು ನೋಡುವ ವ್ಯವಸ್ಥೆ ತಂದಿತ್ತು. ಮರುವರ್ಷ ನಮ್ಮ ಟೈಟನ್ ಅದರ ಬಹುಪಾಲು ಷೇರು ಕೊಂಡಿತು. ಅದೇ ಕಾರಣಕ್ಕೆ ಕೊಂಡಿತು ಎಂದು ನಾನು ಹೇಳುತ್ತಿಲ್ಲ. ಓಲೆ ಈ ತಂತ್ರಕ್ಕೆ ಹೇಳಿ ಮಾಡಿಸಿದ ವಸ್ತು, ಅಷ್ಟೇ ನನ್ನ ಮಾತು: ಅಂಗಡಿಯಲ್ಲೂ ಅದನ್ನು ಕನ್ನಡಿಯಲ್ಲೇ ನೋಡುತ್ತೇವೆ.

---

ಸೀರೆಪೆಟ್ಟಿಗೆ (ಇಳಕಲ್)

ಓಲೆಯ ಮಾತು ಸರಿ. ಆದರೆ ತೂಕ ಹೆಚ್ಚಾಗಿ ಕಿವಿ ಜೋತುಬೀಳುತ್ತದೆಯೇ ಎಂದು ಫೋನ್ ಹೇಳುವುದಿಲ್ಲವಲ್ಲ ಸರ್. ಹೆಂಗಸರನ್ನು ಒಂದು ಮಾತು ಕೇಳಿ ಲೆಕ್ಕ ಬರೆಯಿರಿ.

---

ಲೆಕ್ಕದ_ಪುಸ್ತಕ

ತಪ್ಪಾಯಿತು ತಾಯಿ. ಬರೆದುಕೊಂಡೆ.

---

ಹೊಸಮನೆ_ಕನಸು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಮೊನ್ನೆ ಮತ್ತೆ ಹೋಗಿದ್ದೆ. ಟಿವಿಗೆ ಹಾಕಿ ಎಂದಾಗ ಹುಡುಗ ಮ್ಯಾನೇಜರ್ ಮುಖ ನೋಡಿದ. ಹಾಕಿದರು. ಚಿತ್ರೀಕರಿಸಿಕೊಂಡೆ. ಮಂಚದ ಉದ್ದ ಕೇಳಿದೆ. ಮೂರನೇ ಆಯಾಮ ಅವರು ಹೇಳಿದಂತೆಯೇ ಯಾರಿಗೋ ಫೋನ್ ಹೋಯಿತು, ನಿಮಗಲ್ಲ ತಾನೇ? ಐದೂವರೆ ಅಡಿ. ನನ್ನ ಎತ್ತರ ಐದು ಅಡಿ ಹತ್ತು ಇಂಚು.

ರೇರಾ ಜಾಲತಾಣದಿಂದ ನಕ್ಷೆ ಇಳಿಸಿಕೊಂಡೆ. ಮಲಗುವ ಕೋಣೆ 10 ಅಡಿಗೆ 11 ಅಡಿ. ಹತ್ತು ಅಡಿಯ ಕಡೆ ಆರೂವರೆ ಅಡಿಯ ಮಂಚ, ಎದುರಿಗೆ ಎರಡು ಅಡಿ ಆಳದ ಬೀರು. ಉಳಿಯುವುದು ಒಂದೂವರೆ ಅಡಿ. ಬೀರುವಿನ ಬಾಗಿಲು ಪೂರ್ತಿ ತೆರೆಯಬೇಕಾದರೆ ಮಂಚದ ಮೇಲೆ ಕಾಲು ಮಡಚಿ ಕೂರಬೇಕು.

ಕಾಗದದ ಮೇಲೆ ಇದು ಅಮ್ಮನಿಗೆ ಅರ್ಥವಾಗಲಿಲ್ಲ. ರಂಗೋಲಿ ಡಬ್ಬಿ ತೆಗೆದುಕೊಂಡು ನಮ್ಮ ಬಾಡಿಗೆ ಮನೆಯ ತಾರಸಿಗೆ ನಡೆದರು. ನಾನು ಟೇಪ್ ಹಿಡಿದೆ, ಅವರು ಗೆರೆ ಎಳೆದರು. ಹಾಲ್, ಅಡುಗೆಮನೆ, ಎರಡು ಕೋಣೆ, ಬಾಗಿಲು ಇರುವ ಕಡೆ ಗೆರೆ ಬಿಟ್ಟು. ಹೆಂಡತಿ ಹಾಸಿಗೆ ತಂದು ಹಾಸಿದಳು. ನಾನು ಮಲಗಿದೆ, ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಕೆಲಸ ಬಿಟ್ಟು ನೋಡುತ್ತಾ ನಿಂತರು.

ಕೊನೆಗೆ ಅಮ್ಮ ಆ ‘ಮಾಡೆಲ್ ಮಾಡದ’ ಯುಟಿಲಿಟಿಯ ಗೆರೆ ಎಳೆದರು. ಮೂರು ಅಡಿಗೆ ಐದು ಅಡಿ. ವಾಷಿಂಗ್ ಮಷೀನಿನ ಜಾಗಕ್ಕೆ ಒಂದು ಬಕೆಟ್ ಇಟ್ಟರು, ಸಿಂಕಿನ ಜಾಗಕ್ಕೆ ಇನ್ನೊಂದು. ಉಳಿದ ಜಾಗದಲ್ಲಿ ಮಣೆ ಹಾಕಿಕೊಂಡು ಕೂತು, ಎರಡು ಕಡೆಗೂ ಕೈ ಚಾಚಿ ನೋಡಿ, “ಕುಕ್ಕರ್ ಎಲ್ಲಿಟ್ಟು ತಿಕ್ಕಲೋ?” ಎಂದರು.

ಶನಿವಾರ ಅದೇ ಕಚೇರಿಗೆ ಹೋಗುತ್ತಿದ್ದೇವೆ. ಮೂಲೆಯ ಫ್ಲ್ಯಾಟ್‌ನಲ್ಲಿ ಯುಟಿಲಿಟಿ ಆರು ಅಡಿ ಇದೆಯಂತೆ. ಅದಾಗದಿದ್ದರೆ ಮುಂಗಡ ವಾಪಸ್ ಕೇಳುತ್ತೇನೆ. ಈ ಸಲ ಹೆಡ್‌ಸೆಟ್ ಕೊಟ್ಟರೆ ಹಾಕಿಕೊಳ್ಳುವುದಿಲ್ಲ ಎಂದು ಅಮ್ಮ ಈಗಲೇ ಹೇಳಿದ್ದಾರೆ. ಟೇಪ್ ಮಾತ್ರ ಅವರ ಚೀಲದಲ್ಲಿದೆ.

---

ಮೂರನೇ_ಆಯಾಮ (ಬೆಂಗಳೂರು)

ಫೋನ್ ನನಗೆ ಬಂದಿರಲಿಲ್ಲ, ಆಣೆ. ತಾರಸಿಯ ಫೋಟೊ ಇದ್ದರೆ ಹಾಕಿ ಸರ್. ನಮ್ಮ ಕಚೇರಿಯಲ್ಲಿ ಅಂಟಿಸುತ್ತೇನೆ.